ಚಿಂಚವಡದ ಮಾಸ್ಟೊಡಾನ್ ಸರ್ವರ್: ಕೆಲಸ ಎಲ್ಲಿಗೆ ಬಂತು

ಪುಣೆ ಪಕ್ಕದ ಪಿಂಪ್ರಿ-ಚಿಂಚವಡದ ಕನ್ನಡ ಬಳಗಕ್ಕಾಗಿ ನಿಲ್ಲಿಸಿರುವ ಸರ್ವರ್‌ನ ಸದ್ಯದ ಸ್ಥಿತಿ ಇದು. ಮಾಸ್ಟೊಡಾನ್ ಎಂದರೆ ಯಾರು ಬೇಕಾದರೂ ತಮ್ಮದೇ ಸರ್ವರ್‌ನಲ್ಲಿ ನಡೆಸಬಹುದಾದ, ಟ್ವಿಟರ್‌ನಂಥ ಸಾಮಾಜಿಕ ಜಾಲತಾಣ; ಇಂಥ ಸರ್ವರ್‌ಗಳು ಪೋಸ್ಟ್‌ಗಳನ್ನು ಪರಸ್ಪರ ಕಳಿಸಿಕೊಳ್ಳುತ್ತವೆ. 16 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿಯ ಮಿನಿ ಪಿಸಿ, ಉಬುಂಟು 24.04. ಅದರ ಮೇಲೆ ಮಾಸ್ಟೊಡಾನ್, ಪೋಸ್ಟ್‌ಗ್ರೆಸ್ (ಡೇಟಾಬೇಸ್), ರೆಡಿಸ್ (ಫೀಡ್‌ಗಳನ್ನೂ ಕೆಲಸದ ಸರದಿಯನ್ನೂ ಇಡುವ ವೇಗದ ಸಂಗ್ರಹ), ಎನ್‌ಜಿನ್‌ಎಕ್ಸ್ (ವೆಬ್ ಸರ್ವರ್). ಐವತ್ತು ಖಾತೆಗೆ ಇದು ಧಾರಾಳವಾಯಿತು. 4 ಜಿಬಿಯಲ್ಲೂ ನಡೆದೀತು, ಆದರೆ ಹೊಸ ಆವೃತ್ತಿ ಹಾಕುವಾಗ ಅಸೆಟ್ ಪ್ರಿಕಂಪೈಲ್ (ವೆಬ್ ಪುಟದ ಫೈಲ್‌ಗಳನ್ನು ಮೊದಲೇ ಕಟ್ಟಿಡುವ) ಹಂತದಲ್ಲಿ ಮೆಮೊರಿ ಸಾಲದೆ ಪ್ರೊಸೆಸ್ ಸಾಯುತ್ತದೆ. ಅಂಥ ಯಂತ್ರದಲ್ಲಿ 4 ಜಿಬಿ ಸ್ವಾಪ್ (ಮೆಮೊರಿಯಂತೆ ಬಳಸುವ ಡಿಸ್ಕ್ ಜಾಗ) ಇಡಲೇಬೇಕು.

ಮುಗಿದದ್ದು

ಸೆಟಪ್‌ನಲ್ಲಿ ಕೇಳುವ 'ಲೋಕಲ್ ಡೊಮೇನ್' (ಖಾತೆಗಳ ವಿಳಾಸದಲ್ಲಿ ಬರುವ ಡೊಮೇನ್) ಆಮೇಲೆ ಬದಲಿಸಲು ಬರುವುದಿಲ್ಲ. ನಮ್ಮ ಖಾತೆಗಳ ವಿಳಾಸ ಬೇರೆಯವರ ಡೇಟಾಬೇಸ್‌ಗಳಲ್ಲೂ ದಾಖಲಾಗಿಬಿಡುತ್ತದೆ. ಸರ್ವರ್ ಸಬ್‌ಡೊಮೇನ್‌ನಲ್ಲಿದ್ದು ಖಾತೆಗಳಿಗೆ ಮೂಲ ಡೊಮೇನ್ ಬೇಕೆಂದರೆ 'ವೆಬ್ ಡೊಮೇನ್' ಬೇರೆ ಕೊಟ್ಟು, ಮೂಲ ಡೊಮೇನ್‌ಗೆ ಬರುವ ವೆಬ್‌ಫಿಂಗರ್ ಕೋರಿಕೆಯನ್ನು (ಈ ಖಾತೆ ಎಲ್ಲಿದೆ ಎಂದು ಬೇರೆ ಸರ್ವರ್ ಕೇಳುವುದು) ಅತ್ತ ರಿಡೈರೆಕ್ಟ್ ಮಾಡಬೇಕು.

ಮನೆಯ ಬ್ರಾಡ್‌ಬ್ಯಾಂಡ್ ಸಿಜಿನ್ಯಾಟ್‌ನ (ಹಲವು ಗ್ರಾಹಕರಿಗೆ ಒಂದೇ ಸಾರ್ವಜನಿಕ ಐಪಿ ಹಂಚುವ ವ್ಯವಸ್ಥೆ) ಹಿಂದಿರುವುದರಿಂದ ಹೊರಗಿನಿಂದ 443ನೇ ಪೋರ್ಟ್‌ಗೆ, ಅಂದರೆ ಸುರಕ್ಷಿತ ವೆಬ್‌ನ ಬಾಗಿಲಿಗೆ, ದಾರಿಯಿಲ್ಲ. ಮುಂಬಯಿಯ ಡೇಟಾ ಸೆಂಟರ್‌ನಲ್ಲಿ 1 ಜಿಬಿಯ ಸಣ್ಣ ವಿಪಿಎಸ್ (ಬಾಡಿಗೆಯ ವರ್ಚುವಲ್ ಸರ್ವರ್) ಹಿಡಿದು ಮನೆಯಿಂದ ಅಲ್ಲಿಗೆ ವೈರ್‌ಗಾರ್ಡ್ (ಒಂದು ವಿಪಿಎನ್) ಟನೆಲ್ ಎಳೆದಿದೆ, ಅದನ್ನು ತೆರೆದಿಡುವ ಕೀಪ್‌ಅಲೈವ್ ಸಂಕೇತ 25 ಸೆಕೆಂಡ್‌ಗೊಮ್ಮೆ. ಇಲ್ಲಿ ಎರಡು ತೊಡಕು. ಒಂದು, ಎಂಟಿಯು, ಅಂದರೆ ಒಂದು ಪ್ಯಾಕೆಟ್‌ನ ಗರಿಷ್ಠ ಬೈಟ್. ವೈರ್‌ಗಾರ್ಡ್‌ನ ರೂಢಿಯ 1420ಕ್ಕೆ ಐಪಿವಿ6 ಮೇಲೆ ಟನೆಲ್‌ನ ಹೊದಿಕೆಯ 80 ಬೈಟ್ ಸೇರಿದರೆ 1500. ಪಿಪಿಪಿಒಇ (ಬ್ರಾಡ್‌ಬ್ಯಾಂಡ್‌ನ ಲಾಗಿನ್ ವಿಧಾನ) ಲೈನ್ ಹೊರುವುದು 1492. ಆಗ ಪುಟ ತೆರೆಯುತ್ತದೆ, ಫೋಟೊ ಅಪ್‌ಲೋಡ್ ಅರ್ಧಕ್ಕೆ ನಿಲ್ಲುತ್ತದೆ. ಎರಡೂ ತುದಿಯಲ್ಲಿ 1412 ಕೊಟ್ಟರೆ ಸರಿ. ಇನ್ನೊಂದು, ವಿಪಿಎಸ್ ಬರಿಯ ಟಿಸಿಪಿ ದಾಟಿಸುತ್ತಿದ್ದರೆ ಬಂದವರೆಲ್ಲ ಟನೆಲ್‌ನ ಒಂದೇ ಐಪಿಯಿಂದ ಬಂದಂತೆ ಕಾಣುತ್ತಾರೆ. ಒಬ್ಬ ಕಿಡಿಗೇಡಿಯ ಐಪಿಗೆ ತಡೆ ಹಾಕಿದರೆ ಊರಿಗೂರೇ ಹೊರಗೆ. ಬಂದವರ ಮೂಲ ಐಪಿಯನ್ನು ಜೊತೆಗೇ ದಾಟಿಸುವ ಪ್ರಾಕ್ಸಿ ಪ್ರೊಟೊಕಾಲನ್ನು ಎರಡೂ ಕಡೆಯ ಎನ್‌ಜಿನ್‌ಎಕ್ಸ್‌ನಲ್ಲಿ ಚಾಲೂ ಮಾಡಿದ ಮೇಲೆಯೇ ನಿಜವಾದ ಐಪಿ ಲಾಗ್‌ಗೆ ಬರುವುದು.

ಮೇಲ್ ಮನೆಯಿಂದ ಕಳಿಸುವ ಯೋಚನೆ ಬೇಡ. 587ನೇ ಪೋರ್ಟ್‌ನ ಮೇಲ್ ರಿಲೇ (ನಮ್ಮ ಪರವಾಗಿ ಮೇಲ್ ಕಳಿಸುವ ಸೇವೆ), ಜೊತೆಗೆ ಮೇಲ್ ನಮ್ಮ ಡೊಮೇನ್‌ನದೇ ಎಂದು ತೋರಿಸುವ ಎಸ್‌ಪಿಎಫ್, ಡಿಕಿಮ್. ಇಲ್ಲವಾದರೆ ದೃಢೀಕರಣದ ಮೇಲ್ ಸ್ಪ್ಯಾಮ್‌ಗೆ ಬೀಳುತ್ತದೆ.

ಪುಣೆಯಲ್ಲಿ ಲೈನ್ ದುರಸ್ತಿಗೆ ಕರೆಂಟ್ ತೆಗೆಯುವುದು ಹೆಚ್ಚಾಗಿ ಗುರುವಾರ. ಪಿಸಿಗೆ ಯುಪಿಎಸ್ ಕೊಟ್ಟು ಫೈಬರ್ ಪೆಟ್ಟಿಗೆಯನ್ನೂ ರೂಟರನ್ನೂ ಬಿಟ್ಟರೆ ಏನೂ ಪ್ರಯೋಜನವಿಲ್ಲ. ಮೂರೂ ಅದರ ಮೇಲಿವೆ. ಕರೆಂಟ್ ಬಂದಾಗ ಪಿಸಿ ತಾನೇ ಎದ್ದೇಳುವಂತೆ ಬಯಾಸ್‌ನಲ್ಲಿ ಆಯ್ಕೆಯಿದೆ. ಕೆಲವು ಗಂಟೆ ಸರ್ವರ್ ಮಲಗಿದರೂ ಪೋಸ್ಟ್‌ಗಳೇನೂ ಕಳೆದುಹೋಗುವುದಿಲ್ಲ, ಅತ್ತಲಿನ ಸರ್ವರ್‌ಗಳು ಅಂತರ ಹೆಚ್ಚಿಸುತ್ತ ಮತ್ತೆ ಮತ್ತೆ ಕಳಿಸುತ್ತವೆ. ಮಾಸ್ಟೊಡಾನ್ ಒಂದು ಸರ್ವರನ್ನು 'ಸಿಗುತ್ತಿಲ್ಲ' ಎಂದು ಗುರುತು ಹಾಕುವುದು ಏಳು ಬೇರೆ ಬೇರೆ ದಿನ ವಿಫಲವಾದ ಮೇಲೆ.

ಕಾಡುತ್ತಿರುವುದು

ಡಿಸ್ಕ್ ತುಂಬಿಸುವುದು ನಮ್ಮವರ ಫೋಟೊಗಳಲ್ಲ. ನಮ್ಮವರು ಫಾಲೋ ಮಾಡುವ ಪ್ರತಿಯೊಬ್ಬರ ಚಿತ್ರ, ವಿಡಿಯೊ, ಲಿಂಕ್‌ನ ಮುನ್ನೋಟ, ಪ್ರೊಫೈಲ್ ಚಿತ್ರ ಎಲ್ಲದರ ಒಂದೊಂದು ನಕಲು ನಮ್ಮ ಡಿಸ್ಕ್‌ಗೆ ಇಳಿಯುತ್ತದೆ. ಯಾರೋ ಹೇಳಿದರೆಂದು ದೊಡ್ಡ ಮಾಸ್ಟೊಡಾನ್ ರಿಲೇ (ಹಲವು ಸರ್ವರ್‌ಗಳ ಪೋಸ್ಟ್‌ಗಳನ್ನು ಎಲ್ಲರಿಗೂ ಹಂಚುವ ಕೊಂಡಿ) ಸೇರಿದರೆ, ನಮ್ಮಲ್ಲಿ ಯಾರೂ ಓದದ ಪೋಸ್ಟ್‌ಗಳ ಚಿತ್ರಗಳೂ ಬರುತ್ತವೆ. ರಿಲೇ ಬೇಡವೆಂದೇ ನಮ್ಮ ಅಭಿಪ್ರಾಯ; ಹತ್ತು ಜನ ಚುರುಕಾಗಿ ಫಾಲೋ ಮಾಡಿದರೆ ಟೈಮ್‌ಲೈನ್ ತಾನೇ ತುಂಬುತ್ತದೆ.

ಆಡಳಿತದ ಪುಟದಲ್ಲಿ ಮೀಡಿಯಾ ಕ್ಯಾಶ್ ಅವಧಿ 7 ದಿನ ಎಂದಿಟ್ಟಿದೆ. ಕೈಯಾರೆ ಮಾಡುವುದಾದರೆ ಮಾಸ್ಟೊಡಾನ್‌ನ ಆಡಳಿತದ ಕಮಾಂಡ್ 'ಟೂಟ್‌ಸಿಟಿಎಲ್ ಮೀಡಿಯಾ ರಿಮೂವ್ --ಡೇಸ್ 7', ಲಿಂಕ್ ಚಿತ್ರಗಳಿಗೆ 'ಪ್ರಿವ್ಯೂ_ಕಾರ್ಡ್ಸ್ ರಿಮೂವ್', ಎಷ್ಟು ತುಂಬಿದೆ ನೋಡಲು 'ಮೀಡಿಯಾ ಯೂಸೇಜ್'. ಅಳಿಸಿದ ಹಳೆಯ ಚಿತ್ರವನ್ನು ಯಾರಾದರೂ ಕೇಳಿದರೆ ಮೂಲ ಸರ್ವರ್‌ನಿಂದ ಮತ್ತೆ ತರಿಸಬಹುದು. ಅದೇ ಪುಟದ 'ಕಂಟೆಂಟ್' ಅವಧಿಯನ್ನು ಮಾತ್ರ ಮುಟ್ಟಬೇಡಿ. ಅದು ಚಿತ್ರವನ್ನಲ್ಲ, ಹೊರಗಿನ ಪೋಸ್ಟ್‌ಗಳನ್ನೇ ಅಳಿಸುತ್ತದೆ. ಸದಸ್ಯರ ಬುಕ್‌ಮಾರ್ಕ್‌ಗಳೂ ಅದರ ಜೊತೆ ಹೋಗುತ್ತವೆ.

ಹಿನ್ನೆಲೆಯ ಕೆಲಸಗಳನ್ನು ಸರದಿಯಲ್ಲಿ ಮುಗಿಸುವ ಸೈಡ್‌ಕಿಕ್ ಮೊದಲು 25 ಥ್ರೆಡ್‌ನ (ಒಮ್ಮೆಗೆ 25 ಕೆಲಸ ಮಾಡುವ) ಒಂದೇ ಪ್ರೊಸೆಸ್. ಈಗ ಹೊರಗಿನಿಂದ ಬರುವ 'ಇಂಗ್ರೆಸ್' ಸರದಿಗೆ ಬೇರೆ ಪ್ರೊಸೆಸ್ ಕೊಟ್ಟಿದೆ, ಬಂದ ಪೋಸ್ಟ್‌ಗಳ ನೂಕುನುಗ್ಗಲಲ್ಲಿ ನಮ್ಮವರ ಟೈಮ್‌ಲೈನ್ ಕಾಯಬಾರದು ನೋಡಿ. ನಿಗದಿತ ಹೊತ್ತಿನ ಕೆಲಸಗಳ 'ಶೆಡ್ಯೂಲರ್' ಸರದಿ ಒಂದೇ ಪ್ರೊಸೆಸ್‌ನಲ್ಲಿರಬೇಕು. ಪ್ರತಿ ಪ್ರೊಸೆಸ್‌ಗೂ ಡಿಬಿ ಪೂಲ್ (ಡೇಟಾಬೇಸ್ ಕನೆಕ್ಷನ್‌ಗಳ ಸಂಖ್ಯೆ) ಅದರ ಥ್ರೆಡ್‌ಗಳಷ್ಟೇ ಇರಲಿ, ಕಡಿಮೆಯಾದರೆ ಕನೆಕ್ಷನ್ ಟೈಮ್‌ಔಟ್. ಎಲ್ಲ ಕೂಡಿ ಪೋಸ್ಟ್‌ಗ್ರೆಸ್‌ನ ರೂಢಿಯ ಮಿತಿ 100ರ ಒಳಗಿರಬೇಕು.

ಕನ್ನಡದ ಮಟ್ಟಿಗೆ: ಖಾತೆಯ ಹೆಸರು ರೋಮನ್ ಅಕ್ಷರ, ಅಂಕಿ, ಅಂಡರ್‌ಸ್ಕೋರ್‌ನಲ್ಲೇ ಇರಬೇಕು, ಮೇಲೆ ತೋರುವ ಹೆಸರು ಕನ್ನಡದಲ್ಲಿರಬಹುದು. ಒಂದು ಪೋಸ್ಟ್‌ನ 500 ಅಕ್ಷರದ ಮಿತಿಯಲ್ಲಿ 'ಕಿ', 'ಕೋ' ಒಂದೊಂದೇ ಎಣಿಕೆ, ಹಾಗಾಗಿ ಜಾಗ ಸಾಲದೆಂಬ ದೂರಿಲ್ಲ. ಹುಡುಕಾಟ ಮಾತ್ರ ಬಡವಾಗಿದೆ. ಹುಡುಕಾಟದ ತಂತ್ರಾಂಶ ಇಲಾಸ್ಟಿಕ್‌ಸರ್ಚ್ ಹಾಕಿದರೂ ಮಾಸ್ಟೊಡಾನ್ ಅದಕ್ಕೆ ಕಲಿಸಿರುವುದು ಇಂಗ್ಲಿಷ್ ಪದಗಳ ಮೂಲರೂಪ. 'ಪುಣೆ' ಎಂದು ಹುಡುಕಿದರೆ 'ಪುಣೆಯಲ್ಲಿ' ಸಿಗದು. ಅಷ್ಟಕ್ಕಾಗಿ ಇನ್ನೆರಡು ಜಿಬಿ ರ‍್ಯಾಮ್ ತಿನ್ನಿಸುವುದಿಲ್ಲ, ಸದ್ಯಕ್ಕೆ ಹ್ಯಾಶ್‌ಟ್ಯಾಗ್ ಸಾಕು.

ಬ್ಯಾಕಪ್ ಮತ್ತು ಬಾಕಿ

ರಾತ್ರಿ ಬ್ಯಾಕಪ್ ಆಗುವುದು ಮೂರು: 'ಪಿಜಿ_ಡಂಪ್ -ಎಫ್‌ಸಿ' ಕೊಡುವ ಡೇಟಾಬೇಸ್‌ನ ನಕಲು (ಡಂಪ್), ನಮ್ಮವರ ಚಿತ್ರಗಳಿರುವ ಪಬ್ಲಿಕ್/ಸಿಸ್ಟಮ್ ಫೋಲ್ಡರ್ (ಒಳಗಿನ ಕ್ಯಾಶ್ ಬಿಟ್ಟು), ಮತ್ತು ಸೆಟ್ಟಿಂಗ್‌ಗಳ ಎನ್ವ್ ಪ್ರೊಡಕ್ಷನ್ ಫೈಲ್. ಮೂರನೆಯದು ಕೆಲವೇ ಕೆಬಿ, ಆದರೆ ಅದರಲ್ಲಿ ರಹಸ್ಯ ಕೀಲಿಗಳಿವೆ. ಮಾಸ್ಟೊಡಾನ್ 4.3ರಿಂದ, ಡೇಟಾಬೇಸ್‌ನ ಕೆಲವು ಭಾಗವನ್ನು ಗುಪ್ತವಾಗಿಡುವ ಆಕ್ಟಿವ್ ರೆಕಾರ್ಡ್ ಎನ್‌ಕ್ರಿಪ್ಷನ್ ಕೀಲಿಗಳೂ ಸೇರಿವೆ. ಅವು ಕಳೆದರೆ ಎನ್‌ಕ್ರಿಪ್ಟ್ ಆದ ಭಾಗವನ್ನು ಡಂಪ್‌ನಿಂದ ಓದಲಾಗದು. ರೆಡಿಸ್ ಹೋದರೆ ಫೀಡ್‌ಗಳನ್ನು 'ಟೂಟ್‌ಸಿಟಿಎಲ್ ಫೀಡ್ಸ್ ಬಿಲ್ಡ್' ಮರಳಿ ಕಟ್ಟುತ್ತದೆ, ಸರದಿಯಲ್ಲಿದ್ದ ಕೆಲಸಗಳು ಮಾತ್ರ ಹೋದಂತೆಯೇ.

ಬಾಕಿಯಿರುವುದು ಮುಂದಿನ ಉಬುಂಟು ಅಪ್‌ಗ್ರೇಡ್‌ನ ತಯಾರಿ. ಲಿನಕ್ಸ್‌ನ ಮೂಲ ಲೈಬ್ರರಿ ಜಿಲಿಬ್‌ಸಿ ಬದಲಾದಾಗ ಅಕ್ಷರಗಳ ವಿಂಗಡಣೆಯ ಕ್ರಮ ಬದಲಾಗಬಹುದು; 2018ರ ಅದರ 2.28ನೇ ಆವೃತ್ತಿಯಲ್ಲಿ ಹಾಗೇ ಆಯಿತು. ಆಗ ಪೋಸ್ಟ್‌ಗ್ರೆಸ್‌ನ ಹಳೆಯ ಇಂಡೆಕ್ಸ್‌ಗಳು ಸುಳ್ಳು ಹೇಳತೊಡಗಿ, ಒಂದೇ ಖಾತೆ ಎರಡು ಸಾಲಿನಲ್ಲಿ ಕೂರುತ್ತದೆ. ಅದನ್ನು ಸರಿಪಡಿಸುವ 'ಮೇಂಟೆನೆನ್ಸ್ ಫಿಕ್ಸ್-ಡೂಪ್ಲಿಕೇಟ್ಸ್' ಇದ್ದರೂ ಅದು ಕೊನೆಯ ಉಪಾಯ. ಆದ್ದರಿಂದ ಅಪ್‌ಗ್ರೇಡ್ ಮುಗಿದೊಡನೆ, ಮಾಸ್ಟೊಡಾನ್ ಸೇವೆಗಳನ್ನು ಎಬ್ಬಿಸುವ ಮುಂಚೆಯೇ, ಇಡೀ ಡೇಟಾಬೇಸ್‌ಗೆ ರೀಇಂಡೆಕ್ಸ್ (ಇಂಡೆಕ್ಸ್‌ಗಳನ್ನು ಹೊಸದಾಗಿ ಕಟ್ಟುವುದು) ಮಾಡುವುದೆಂದಾಗಿದೆ.