ತಿಂಗಳಿಗೆ ಎಷ್ಟು ಬರುತ್ತೆ?

"ಹಳ್ಳಿಯಲ್ಲಿ ಬೆಳೆದವರು ನೀವು, ಬ್ಯಾಂಕಿಗೆ ಹೇಗೆ ಬಂದ್ರಿ?" ಹೊಸಬರ ಪರಿಚಯವಾದರೆ ಐದು ನಿಮಿಷದೊಳಗೆ ಈ ಪ್ರಶ್ನೆ ಬರುತ್ತದೆ. ಕೃಷಿ ಸಾಲದ ವಿಭಾಗ ಅಂದ ಕೂಡಲೇ ಉತ್ತರವನ್ನೂ ಅವರೇ ಹೇಳಿಬಿಡುತ್ತಾರೆ: "ಓ, ಹಾಗಾದ್ರೆ ಹಳ್ಳಿ ಅನುಭವ ತುಂಬಾ ಉಪಯೋಗಕ್ಕೆ ಬರುತ್ತೆ ಅಲ್ವಾ?" ಅರ್ಧ ನಿಜ. ಉಳಿದರ್ಧ ಕೇಳೋಕೆ ಅವರಿಗೆ ಪುರುಸೊತ್ತಿರಲ್ಲ. ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ.

ನನಗೆ ಹತ್ತು ವರ್ಷ ಇದ್ದಾಗ ಸಾಲದ ಅಧಿಕಾರಿಯೊಬ್ಬರು ಮನೆಗೆ ಬಂದಿದ್ದರು. ಅಪ್ಪ ಪಂಪ್‌ಸೆಟ್‌ಗೆ ಸಾಲ ಕೇಳಿದ್ದ. ಫಾರಂ ತುಂಬುತ್ತಾ ಅವರು ಕೇಳಿದರು: "ತಿಂಗಳಿಗೆ ಎಷ್ಟು ಬರುತ್ತೆ?" ಅಪ್ಪ ಸುಮ್ಮನಾದ. ವರ್ಷಕ್ಕೆ ಎರಡು ಸಲ ದುಡ್ಡಿನ ಮುಖ ನೋಡುವವನು ತಿಂಗಳ ಲೆಕ್ಕ ಎಲ್ಲಿಂದ ತರಬೇಕು? ಕೊನೆಗೆ ಅವರೇ ವರ್ಷದ ಅಂದಾಜನ್ನು 12ರಿಂದ ಭಾಗಿಸಿ ಬರೆದುಕೊಂಡರು. ಸಾಲ ಮಂಜೂರಾಯಿತು, ತಿಂಗಳ ಕಂತಿನ ಲೆಕ್ಕದಲ್ಲಿ. ಬೆಳೆ ಮೊಣಕಾಲೆತ್ತರ ಬರುವಷ್ಟರಲ್ಲಿ ಮೂರು ಕಂತು ಬಾಕಿ ಬಿತ್ತು. ಅಪ್ಪ ಕಡಸು ಮಾರಿದ. ಇನ್ನೊಂದೆರಡು ತಿಂಗಳಲ್ಲಿ ಕರು ಹಾಕಬೇಕಿದ್ದ ಕಡಸು. ಬೆಳೆ ಹೋಗಿರಲಿಲ್ಲ, ಬಡ್ಡಿಯೂ ಜಾಸ್ತಿ ಇರಲಿಲ್ಲ. ಕಂತಿನ ತಾರೀಖು ತಪ್ಪಾಗಿತ್ತು, ಅಷ್ಟೇ.

ಆ ಸಿಟ್ಟಿಗೇ ಬ್ಯಾಂಕು ಸೇರಿದೆ ಅಂದರೆ ಕಥೆ ಚೆನ್ನಾಗಿರುತ್ತೆ. ನಿಜ ಹಾಗಿಲ್ಲ. ನನಗೆ ಲೆಕ್ಕ ಬರುತ್ತಿತ್ತು, ಕೆಲಸ ಬೇಕಿತ್ತು, ಪರೀಕ್ಷೆ ಬರೆದೆ. ಬಿಸಿಲಲ್ಲಿ ಅಲೆಯುವ ಕೆಲಸ ಅಂತ ಕೃಷಿ ಸಾಲ ಯಾರಿಗೂ ಬೇಕಿರಲಿಲ್ಲ. ಹೊಸಬಳ ತಲೆಗೆ ಕಟ್ಟಿದರು.

ಅಲ್ಲಿ ಗೊತ್ತಾಯಿತು, ಹಳ್ಳಿ ನನಗೆ ಕಲಿಸಿದ್ದು ದುಡ್ಡು ಯಾವಾಗ ಬರುತ್ತೆ ಅನ್ನೋದನ್ನ. ಹಾಲು ಮಾರುವವರಿಗೆ ವಾರ ವಾರ ಕೈಗೆ ಕಾಸು ಸಿಗುತ್ತೆ, ಸಣ್ಣ ಕಂತು ನಡೆಯುತ್ತೆ. ಆದರೆ ಹಸು ಬತ್ತಿದ ತಿಂಗಳುಗಳನ್ನು ಬಿಟ್ಟು ಲೆಕ್ಕ ಹಾಕಬೇಕು. ಹಣ್ಣಿನ ತೋಟ ಹಾಕಿದವರು ಮೊದಲ ಫಸಲಿಗೆ ವರ್ಷಗಟ್ಟಲೆ ಕಾಯಬೇಕು. ಅಲ್ಲಿಯವರೆಗೆ ಅಸಲು ಕೇಳುವುದರಲ್ಲಿ ಅರ್ಥವಿಲ್ಲ. ಬೆಳೆ ಸಾಲಕ್ಕಾದರೆ ಕೊಯ್ಲಾದ ಮೇಲೆ ಒಂದೇ ಸಲ ಕಟ್ಟುವುದು ಸರಿ. ಕೊಯ್ಲಾದ ಮಾರನೇ ದಿನವೇ ಅಂತಲ್ಲ. ಎಲ್ಲರ ಮಾಲೂ ಒಟ್ಟಿಗೆ ಮಾರುಕಟ್ಟೆಗೆ ಬಂದಾಗ ಬೆಲೆ ಬೀಳುತ್ತೆ. ಎರಡು ತಿಂಗಳು ಮಾಲು ಇಟ್ಟುಕೊಳ್ಳಲು ಬಿಟ್ಟರೆ ಅದೇ ಮೂಟೆಗೆ ಬೇರೆ ಬೆಲೆ ಸಿಗಬಹುದು. ಮಾಲನ್ನು ಗೋದಾಮಿನಲ್ಲಿಟ್ಟಾಗ ಸಿಗುವ ರಸೀದಿಯನ್ನು ಅಡವಾಗಿ ಇಟ್ಟುಕೊಂಡು ಸಾಲ ಕೊಡುವುದು ಇದಕ್ಕೇ.

ಇನ್ನೊಂದು ಮಾತು. ಕೇಳಿದ್ದಕ್ಕಿಂತ ಕಡಿಮೆ ಕೊಟ್ಟರೆ ಬ್ಯಾಂಕಿಗೆ ಕ್ಷೇಮ ಅಂತ ನಮ್ಮಲ್ಲಿ ಬಹಳ ಜನ ನಂಬುತ್ತಾರೆ. ಬಾವಿಗೆ 100 ಬೇಕು ಅಂದಾಗ 60 ಕೊಟ್ಟರೆ ಏನಾಗುತ್ತೆ? ಅರ್ಧ ತೋಡಿದ ಬಾವಿಯಲ್ಲಿ ಅರ್ಧ ನೀರು ಬರಲ್ಲ. ನೀರೇ ಬರಲ್ಲ. ಉಳಿದ 40ನ್ನು ಆತ ಎಲ್ಲಿಂದಲೋ ಜಾಸ್ತಿ ಬಡ್ಡಿಗೆ ತರುತ್ತಾನೆ. ಬಂದ ದುಡ್ಡಲ್ಲಿ ಮೊದಲು ತೀರುವುದೂ ಆ ಸಾಲವೇ.

ಈಗ ಉಳಿದರ್ಧ. ಹಳ್ಳಿ ಅನುಭವ ನನ್ನನ್ನು ದಾರಿಯೂ ತಪ್ಪಿಸಿದೆ. ಶುರುವಿನಲ್ಲಿ ಒಬ್ಬರ ಹೊಲಕ್ಕೆ ಹೋಗಿದ್ದೆ. ಗುಡಿಸಿಟ್ಟ ಕೊಟ್ಟಿಗೆ, ನೇರವಾದ ಬದು, ಕಡಿಮೆ ಮಾತಿನ ಮನುಷ್ಯ. ಥೇಟ್ ನಮ್ಮಪ್ಪ. ಟ್ರ್ಯಾಕ್ಟರ್ ಸಾಲಕ್ಕೆ ಶಿಫಾರಸು ಬರೆದುಬಿಟ್ಟೆ. ಅಷ್ಟು ಸಣ್ಣ ಹೊಲದಲ್ಲಿ ಆ ಗಾಡಿ ವರ್ಷಕ್ಕೆ ಎಷ್ಟು ಗಂಟೆ ಓಡುತ್ತೆ ಅಂತ ಕೇಳಲೇ ಇಲ್ಲ. ಅದು ನೆರಳಲ್ಲಿ ನಿಂತೇ ಇತ್ತು, ಸಾಲ ಸುಸ್ತಿಗೆ ಬಿತ್ತು. ಅವರು ಒಳ್ಳೆಯವರೇ. ನಾನು ಲೆಕ್ಕ ನೋಡುವ ಬದಲು ಮುಖ ನೋಡಿದ್ದೆ. ನಮ್ಮಪ್ಪನ ಹಾಗೆ ಕಾಣದವರ ಅರ್ಜಿಗಳನ್ನು ಎಷ್ಟು ಸಲ ಪಕ್ಕಕ್ಕಿಟ್ಟಿದ್ದೆನೋ! ಅದು ಯಾವ ಕಡತದಲ್ಲೂ ಸಿಗಲ್ಲ.

ಒಬ್ಬರ ಕಣ್ಣು ಸಾಲದು ಅನ್ನುವುದು ಹಳೆಯ ಪಾಠ. ಜರ್ಮನಿಯ ಫ್ರೀಡ್ರಿಶ್ ವಿಲ್ಹೆಲ್ಮ್ ರೈಫೈಸನ್ ಹಳ್ಳಿಯಲ್ಲಿ ಹುಟ್ಟಿ, ಹಳ್ಳಿಗಳಿಗೇ ಮೇಯರ್ ಆಗಿದ್ದವರು. 1846–47ರ ಹಸಿವಿನ ಚಳಿಗಾಲದಲ್ಲಿ ಬಡವರಿಗೆ ಬ್ರೆಡ್ ಸಿಗುವಂತೆ ಸಂಘ ಕಟ್ಟಿದರು. ಮೊದಮೊದಲು ಉಳ್ಳವರ ನೆರವಿನ ಮೇಲೆ ನಡೆದ ಕೆಲಸ ಅದು. ಆದರೆ 1864ರಲ್ಲಿ ಹೆಡೆಸ್‌ಡಾರ್ಫ್‌ನಲ್ಲಿ ಮಾಡಿದ ಸಾಲ ಸಂಘದಲ್ಲಿ ಸಾಲ ಪಡೆಯುವವರೇ ಸದಸ್ಯರು. ಒಬ್ಬರ ಸಾಲಕ್ಕೆ ಎಲ್ಲರೂ ಹೊಣೆ. ಯಾರ ಟ್ರ್ಯಾಕ್ಟರ್ ನೆರಳಲ್ಲಿ ನಿಂತಿದೆ ಅಂತ ಊರಿಗೆ ಗೊತ್ತಿರುತ್ತಲ್ಲ!

ಇದರಲ್ಲೂ ಒಂದು ತೂತಿದೆ. ಮಳೆ ಕೈಕೊಟ್ಟರೆ ಸಾಲ ಪಡೆದವನಿಗೂ ಜಾಮೀನು ನಿಂತವನಿಗೂ ಒಟ್ಟಿಗೇ ಕೈಕೊಡುತ್ತೆ. ರೈಫೈಸನ್ ಆಮೇಲೆ ಊರೂರ ಸಂಘಗಳ ಹಣ ಒಂದರಿಂದ ಒಂದಕ್ಕೆ ಹರಿಯುವಂತೆ 1872ರಲ್ಲಿ ಅವುಗಳಿಗೊಂದು ಬ್ಯಾಂಕನ್ನೇ ಮಾಡಿದರು. ಬರ ಬಂದಾಗ ನನ್ನ ಮೇಜಿನ ಮೇಲೆ ಒಂದೇ ವಾರ ಅಷ್ಟೂ ಅರ್ಜಿ ಬಂದು ಬಿದ್ದಾಗೆಲ್ಲ ಆ ಮನುಷ್ಯ ನೆನಪಾಗುತ್ತಾರೆ.

ಈಗ ನಾನು ಹೊಲಕ್ಕೆ ಹೋದರೆ 12 ಚೌಕದ ಒಂದು ಹಾಳೆ ತೆಗೆಯುತ್ತೇನೆ. ಯಾವ ತಿಂಗಳು ದುಡ್ಡು ಬರುತ್ತೆ, ಯಾವ ತಿಂಗಳು ಹೋಗುತ್ತೆ. ಕೊನೆಗೆ ಇಳುವರಿ ಕಾಲು ಭಾಗ ಕಡಿಮೆಯಾದರೆ ಕಂತು ಕಟ್ಟೋಕೆ ಆಗುತ್ತಾ ಅಂತ ಇನ್ನೊಮ್ಮೆ ಕೂಡಿಸಿ ಕಳೆದು ನೋಡುತ್ತೇನೆ. ನನ್ನದೇ ಹೊಸ ಬುದ್ಧಿ ಅಂತ ಬೀಗಿ ಮೊದಲ ಹಾಳೆಯನ್ನು ಅಪ್ಪನಿಗೆ ತೋರಿಸಿದ್ದೆ. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದ. ಬೀಜ, ಗೊಬ್ಬರ, ಕೂಲಿ, ಡೀಸೆಲ್, ಎಲ್ಲ ಇತ್ತು.

"ನಿಂಗೆ ಶಾಲೆ ಫೀಜು ಕಟ್ತಿದ್ದದ್ದೂ ಬಿತ್ತನೆ ತಿಂಗಳಲ್ಲೇ ಅಲ್ವೇನೇ? ಅದೆಲ್ಲಿ ಬರ್ಕೊಂಡಿದ್ದೀಯ?" ಅಂದ.

ಕೆಳಗೆ ಇನ್ನೊಂದು ಗೆರೆ ಎಳೆದೆ.