ಜೂನ್ ತಿಂಗಳ ಯೂನಿಫಾರ್ಮು, ಯೊಪ್ಪದ ತಬಿಥಾ

ಮೇ ಕೊನೆಯ ವಾರ ಬಂತೆಂದರೆ ಮಂಗಳೂರಿನ ಯಾವ ಟೈಲರ್‌ಗೂ ಪುರುಸೊತ್ತು ಇರುವುದಿಲ್ಲ. ಶಾಲೆ, ಮಳೆ ಎರಡೂ ಒಟ್ಟಿಗೇ ಶುರುವಾಗುತ್ತವೆ. ನನ್ನ ಅಂಗಡಿಯಲ್ಲಿ ಈಗ ಎಲ್ಲಿ ನೋಡಿದರೂ ನೀಲಿ ಸ್ಕರ್ಟು, ಬಿಳಿ ಶರ್ಟು. ಕಾಜಾ, ಗುಂಡಿ, ಹೆಮ್ಮಿಂಗ್, ಮತ್ತೆ ಕಾಜಾ. "ಅಕ್ಕ, ಬೇಜಾರಾಗುವುದಿಲ್ವಾ?" ಎಂದು ಕೇಳುವವರಿದ್ದಾರೆ. ನನಗಂತೂ ವರ್ಷದಲ್ಲಿ ತುಂಬಾ ಇಷ್ಟದ ದಿನಗಳು ಇವೇ.

ಯೂನಿಫಾರ್ಮ್ ಹೊಲಿಯುವಾಗ ಸ್ಕರ್ಟಿನ ಅಂಚಿನಲ್ಲಿ ಎರಡು ಮೂರು ಇಂಚು ಬಟ್ಟೆಯನ್ನು ಒಳಗೆ ಮಡಚುತ್ತೇನೆ. ಪಕ್ಕದ ಹೊಲಿಗೆಯಲ್ಲೂ ಸ್ವಲ್ಪ ಬಿಡುತ್ತೇನೆ. ಮಕ್ಕಳು ಬೆಳೆಯುತ್ತವೆ ಅಲ್ವಾ? ಮುಂದಿನ ಜೂನ್‌ನಲ್ಲಿ ಹೊಲಿಗೆ ಬಿಚ್ಚಿ ಇಳಿಸಿದರೆ ಅದೇ ಸ್ಕರ್ಟು ಇನ್ನೊಂದು ವರ್ಷ ಬರುತ್ತದೆ. ಹೆಚ್ಚಿನ ಬಟ್ಟೆ ಕತ್ತರಿಸಿ ಹಾಕಿದರೆ ಕೆಲಸ ಬೇಗ ಮುಗಿಯುತ್ತದೆ, ಗಿರಾಕಿಗೆ ಗೊತ್ತೂ ಆಗುವುದಿಲ್ಲ. ಆದರೆ ನಾಲ್ಕು ಮನೆಯಲ್ಲಿ ಪಾತ್ರೆ ತೊಳೆದು ಮಗಳ ಫೀಸು ಕಟ್ಟುವ ಅಮ್ಮನಿಗೆ ಆ ಎರಡು ಇಂಚು ದೊಡ್ಡದು. ಮಡಿಕೆ ಹಾಕುವಾಗ ಆ ಮಗುವಿನ ಹೆಸರು ಹೇಳಿ ಪ್ರಾರ್ಥನೆ ಮಾಡುತ್ತೇನೆ. ಬಿಲ್ ಪುಸ್ತಕದಲ್ಲಿ ಹೆಸರು ಇದ್ದೇ ಇರುತ್ತದೆ.

ಬೈಬಲ್‌ನ ಅಪೊಸ್ತಲರ ಕೃತ್ಯಗಳು ಎಂಬ ಪುಸ್ತಕದ 9ನೇ ಅಧ್ಯಾಯದಲ್ಲಿ ಯೊಪ್ಪ ಊರಿನ ತಬಿಥಾಳ ಕಥೆ ಇದೆ. ದೊರ್ಕ ಎಂದೂ ಕರೆಯುತ್ತಾರೆ. ಅವಳು ತೀರಿಹೋದಾಗ ಯೇಸುವಿನ ಶಿಷ್ಯ ಪೇತ್ರನನ್ನು ಕರೆಸುತ್ತಾರೆ. ಮಹಡಿಯ ಕೋಣೆಯಲ್ಲಿ ವಿಧವೆಯರೆಲ್ಲ ಅಳುತ್ತಾ ನಿಂತು, ಅವಳು ತಮ್ಮ ಜೊತೆ ಇದ್ದಾಗ ಹೊಲಿದ ಅಂಗಿಗಳನ್ನು ಅವನಿಗೆ ತೋರಿಸುತ್ತಾರೆ. ತಬಿಥಾ ಆಡಿದ ಒಂದು ಮಾತೂ ಬೈಬಲ್‌ನಲ್ಲಿ ಇಲ್ಲ. ಅವಳ ಸಾಕ್ಷಿ ಪೂರ್ತಿ ಬಟ್ಟೆಯಲ್ಲೇ ಇತ್ತು. ಆ ಅಂಗಿಗಳ ಹೊಲಿಗೆ ಹೇಗಿದ್ದಿರಬಹುದು, ಯಾವ ದಾರ ಹಾಕಿದ್ದಳೋ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಪೇತ್ರ ಮೊಣಕಾಲೂರಿ ಪ್ರಾರ್ಥಿಸಿದ, ಅವಳು ಎದ್ದು ಕುಳಿತಳು. ಎದ್ದವಳು ಮತ್ತೆ ಸೂಜಿ ಹಿಡಿದಿರಬೇಕು ಎಂದು ನನ್ನ ನಂಬಿಕೆ.

ಸಭೆಯಲ್ಲಿ, ಅಂದರೆ ನಮ್ಮ ಚರ್ಚಿನ ಜನರಲ್ಲಿ, "ದೇವರ ಸೇವೆ" ಎಂದರೆ ಪ್ರಸಂಗ, ಗಾಯನ, ಸಂಡೇ ಸ್ಕೂಲ್ ಅಷ್ಟೇ ಎಂದುಕೊಂಡವರು ಜಾಸ್ತಿ. ನಮ್ಮ ಊರಿನ ಚರಿತ್ರೆಯೇ ಬೇರೆ ಹೇಳುತ್ತದೆ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್‌ನವರು 1834ರಲ್ಲಿ ಮಂಗಳೂರಿಗೆ ಬಂದರು. ಯೇಸುವನ್ನು ನಂಬಿ ಬಂದವರಲ್ಲಿ ಎಷ್ಟೋ ಮಂದಿಗೆ ಮನೆಯೂ ಹೋಯಿತು, ಕಸುಬೂ ಹೋಯಿತು. ಅವರ ಹೊಟ್ಟೆಪಾಡಿಗೆ ಬರೀ ಪ್ರಾರ್ಥನೆ ಸಾಲದು ಎಂದು ಮಿಷನ್‌ನವರಿಗೆ ಅರ್ಥವಾಗಿತ್ತು. ಮಗ್ಗ ಬಂತು. 1841ರಲ್ಲಿ ಪ್ರೆಸ್, 1865ರಲ್ಲಿ ಹೆಂಚಿನ ಕಾರ್ಖಾನೆ ಶುರುವಾದವು. ಮಣ್ಣು ತುಳಿದ ಕೈಕಾಲು, ನೂಲು ಸುತ್ತಿದ ಬೆರಳು, ಇವುಗಳಿಂದಲೂ ನಮ್ಮ ಸಭೆಗಳು ನಿಂತವು. ಅದನ್ನು ನಾವು ಮರೆಯಬಾರದು.

ಇನ್ನೊಂದು ವಿಷಯ ಹೇಳಲೇಬೇಕು. ಏನು ಮಾಡಿದರೂ ಮನುಷ್ಯರಿಗಾಗಿ ಅಲ್ಲ, ಕರ್ತನಿಗಾಗಿ ಮನಸ್ಸಿಟ್ಟು ಮಾಡಿ ಎಂದು ಅಪೊಸ್ತಲ ಪೌಲನು ಕೊಲೊಸ್ಸೆ ಊರಿನ ಸಭೆಯವರಿಗೆ ಪತ್ರದಲ್ಲಿ ಬರೆದ ಮಾತು ನಮಗೆಲ್ಲ ಬಾಯಿಪಾಠ. ಅದನ್ನು ಮೊದಲು ಕೇಳಿಸಿಕೊಂಡವರು ದಾಸರು, ಅಂದರೆ ಗುಲಾಮರು, ದುಡಿಮೆಗೆ ಹೊಗಳಿಕೆಯೂ ಸಿಗದ ಜನ. ನಿಮ್ಮ ಕೆಲಸವನ್ನು ಕರ್ತನು ನೋಡುತ್ತಾನೆ, ಪ್ರತಿಫಲ ಅವನು ಕೊಡುತ್ತಾನೆ ಎಂದಾಗ ಅವರಿಗೆ ಎಷ್ಟು ಧೈರ್ಯ ಬಂದಿರಬೇಕು! ಆದರೆ ಈ ವಾಕ್ಯವನ್ನೇ ತೋರಿಸಿ ಕೆಲಸದವರಿಂದ ಬಿಟ್ಟಿ ದುಡಿಸಿಕೊಳ್ಳುವವರನ್ನು ನೋಡಿದರೆ ನನಗೆ ಸಿಟ್ಟು ಬರುತ್ತದೆ. ಪುಟ ತಿರುಗಿಸಿ, ಅದೇ ಪತ್ರದ 4ನೇ ಅಧ್ಯಾಯದ ಮೊದಲ ವಚನ ಓದಿ. ಯಜಮಾನರೇ, ನ್ಯಾಯವಾದದ್ದನ್ನು ಕೊಡಿ, ನಿಮಗೂ ಪರಲೋಕದಲ್ಲಿ ಒಬ್ಬ ಯಜಮಾನ ಇದ್ದಾನೆ ಎಂದಿದೆ. ಬೈಬಲ್‌ನ ಹಳೆ ಒಡಂಬಡಿಕೆಯ ಯಾಜಕಕಾಂಡವಂತೂ ಕೂಲಿಯವನ ಹಣವನ್ನು ಬೆಳಗಿನವರೆಗೆ ಇಟ್ಟುಕೊಳ್ಳಬೇಡ ಎನ್ನುತ್ತದೆ.

ಗುಂಡಿ, ಹುಕ್ಕು ಹಾಕಲು ಒಬ್ಬಳು ಹುಡುಗಿ ಬರುತ್ತಾಳೆ. ಅವಳ ದುಡ್ಡನ್ನು ಶಟರ್ ಎಳೆಯುವ ಮೊದಲೇ ಅವಳ ಕೈಯಲ್ಲಿ ಇಡುತ್ತೇನೆ. ಗಿರಾಕಿ ಬಾಕಿ ಇಟ್ಟಿದ್ದರೆ ಅದು ನನ್ನ ತಲೆನೋವು, ಅವಳದ್ದಲ್ಲ. ಮೊನ್ನೆ ಅವಳು, "ಅಕ್ಕ, ಬ್ಲೌಸ್ ಕಟಿಂಗ್ ಕಲಿಸ್ತೀರಾ?" ಎಂದು ಕೇಳಿದಳು. ಕಟಿಂಗ್ ಬಂದರೆ ನಾಳೆ ಅವಳೇ ಅಂಗಡಿ ಇಡಬಹುದು. ಜುಲೈನಲ್ಲಿ ಯೂನಿಫಾರ್ಮ್ ಗಲಾಟೆ ಮುಗಿದ ಕೂಡಲೇ ಶುರುಮಾಡುತ್ತೇವೆ. ಮೊದಲು ಹಳೇ ಪೇಪರಿನ ಮೇಲೆ, ಆಮೇಲೆ ಲೈನಿಂಗ್ ಬಟ್ಟೆಯಲ್ಲಿ.