2 ಕೆಬಿಯಲ್ಲಿ ಅಪ್ಪನ ಮಗ್ಗ

ಹುಬ್ಬಳ್ಳಿಯಲ್ಲಿರುವ ತಂಗಿಯ ಮಗಳು ಕಾಲೇಜಿಗೆ ಸೇರಿದ್ದಳು. "ಮಾಮಾ, ನಿಮ್ಮ ಹಳೇ ಲ್ಯಾಪ್‌ಟಾಪ್ ಸುಮ್ನೆ ಬಿದ್ದೈತಲ್ಲಾ, ನನಗ ಕೊಡ್ರಿ" ಅಂದಳು. ಅದೇನೂ ಸುಮ್ನೆ ಬಿದ್ದಿರಲಿಲ್ಲ, ಆದರೆ ಹಾಗೆ ಕಾಣುವಷ್ಟು ನಿಧಾನವಾಗಿತ್ತು ನಿಜ. ಬಟನ್ ಒತ್ತಿ, ಚಹಾ ಕುದಿಸಿ, ಸೋಸಿ, ಕುಡಿದು ಬಂದರೂ ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇರುತ್ತಿತ್ತು. ರಿಸೆಟ್ ಮಾಡಿ, ಅಂದರೆ ಮೊದಲಿನ ಸ್ಥಿತಿಗೆ ತಂದು ಕೊಟ್ಟರೆ ಹುಡುಗಿಗೆ ಒಂದೆರಡು ವರ್ಷ ನಡೆದೀತು ಅಂದುಕೊಂಡೆ.

ರಿಸೆಟ್‌ಗೆ ಹೋದರೆ ವಿಂಡೋಸ್ ಎರಡು ದಾರಿ ತೋರಿಸುತ್ತದೆ. 'ಕೀಪ್ ಮೈ ಫೈಲ್ಸ್' ಅಂದರೆ ನಾವು ಹಾಕಿಕೊಂಡ ಪ್ರೋಗ್ರಾಂಗಳು ಹೋಗುತ್ತವೆ, ಫೋಟೋ, ಕಾಗದಪತ್ರ ಉಳಿಯುತ್ತವೆ. 'ರಿಮೂವ್ ಎವ್ರಿಥಿಂಗ್' ಅಂದರೆ ಗುಡಿಸಿ ಸಾರಿಸಿದ ಹಾಗೆ. ಇನ್ನೊಬ್ಬರ ಕೈಗೆ ಹೋಗುವ ಲ್ಯಾಪ್‌ಟಾಪ್, ನನ್ನ ಬ್ಯಾಂಕಿನ ಲೆಕ್ಕ ಎಲ್ಲ ಅದರಲ್ಲೇ ಇತ್ತು. ಹಾಗಾಗಿ ಎರಡನೆಯದೇ ಸರಿ. ಅಂದಮೇಲೆ ಫೋಟೋಗಳನ್ನು ಮೊದಲು ಹೊರಗೆ ತೆಗೆಯಬೇಕು.

ಅಪ್ಪ ಬೆಟಗೇರಿಯಲ್ಲಿ ಸೀರೆ ನೇಯುತ್ತಿದ್ದರು. ಮನೆಯೊಳಗೇ ಕುಣಿ ಮಗ್ಗ. ನಾವು ಓದಿದ್ದು, ಜಗಳಾಡಿದ್ದು, ನಿದ್ದೆ ಮಾಡಿದ್ದು ಎಲ್ಲ ಲಾಳಿಯ ಸದ್ದಿನಲ್ಲೇ. ಅವರು ಹೋದ ಮೇಲೆ 2016ರಲ್ಲಿ ಮಗ್ಗ ಬಿಚ್ಚಿದೆವು. ಕುಣಿ ಮುಚ್ಚಿ ಫರಸಿ ಹಾಸಿದೆವು. ಆ ಜಾಗದಲ್ಲೀಗ ಟಿವಿ ಇದೆ. ಅಪ್ಪ ಮಗ್ಗದ ಮುಂದೆ ಕೂತಿರುವ ಫೋಟೋ ಇರುವುದು ಐದೋ ಆರೋ. ಆಗಿನ ಡಿಜಿಟಲ್ ಕ್ಯಾಮೆರಾದಲ್ಲಿ ನಾನೇ ತೆಗೆದದ್ದು. ಕ್ಯಾಮೆರಾ ಎಲ್ಲಿದೆಯೋ ಗೊತ್ತಿಲ್ಲ.

ಶನಿವಾರ ರಾತ್ರಿ ಹೊಸ ಪೆನ್‌ಡ್ರೈವ್ ತಂದೆ, 64 ಜಿಬಿಯದು. ಡೆಸ್ಕ್‌ಟಾಪ್ ಮೇಲಿದ್ದ 'ಮನೆ ಫೋಟೋ' ಫೋಲ್ಡರ್ ಕಾಪಿ ಮಾಡಿ ಪೇಸ್ಟ್ ಒತ್ತಿದೆ. ಕಣ್ಣು ಪಿಳುಕಿಸುವುದರೊಳಗೆ ಮುಗಿಯಿತು! ಹೊಸ ಪೆನ್‌ಡ್ರೈವ್ ಭಾಳ ಫಾಸ್ಟ್ ಅಂತ ಖುಷಿಪಟ್ಟೆ. ಹಾಗಂತ ನಾನೇನು ಕುರುಡಾಗಿ ನಂಬಲಿಲ್ಲ. ಪೆನ್‌ಡ್ರೈವ್ ತೆರೆದು ಅದರಲ್ಲಿದ್ದ ಫೋಲ್ಡರ್ ಮೇಲೆ ಒತ್ತಿ ನೋಡಿದೆ. ಎಲ್ಲ ಫೋಟೋ ಕಂಡವು. ತಂಗಿಯ ಮದುವೆ, ಲಕ್ಕುಂಡಿಗೆ ಹೋದದ್ದು, ಅಪ್ಪನ ಮಗ್ಗ. ಇನ್ನೇನು ಬೇಕು?

ಸೋಮವಾರ ಬಸ್ ನಿಲ್ದಾಣದ ಹತ್ತಿರದ ಕಂಪ್ಯೂಟರ್ ಅಂಗಡಿಗೆ ರಿಸೆಟ್ ಮಾಡಲು ಕೊಡುವುದು ಅಂತಾಗಿತ್ತು. ಅಂಗಡಿಯ ಹುಡುಗ ಫೋನಿನಲ್ಲೇ ಕೇಳಿದ್ದ, "ಡಾಟಾ ಎಲ್ಲಾ ತಗದಿಟ್ಟೀರಿಲ್ರೀ ಸರ? ಆಮ್ಯಾಲೆ ನಮಗ ಕೇಳಬ್ಯಾಡ್ರಿ ಮತ್ತ." ಎಲ್ಲ ಆಗಿದೆ ಅಂದೆ, ಗತ್ತಿನಿಂದಲೇ.

ಭಾನುವಾರ ಊಟ ಮುಗಿಸಿ ಅವ್ವ ಕೂತಿದ್ದಳು. "ತಮ್ಮಾ, ಅದರಾಗ ನಿಮ್ಮಪ್ಪನ ಫೋಟೋ ಅದಾವಂತಲ್ಲ, ಟಿವಿಯಾಗ ಹಚ್ಚು, ನೋಡೂಣು." ಪೆನ್‌ಡ್ರೈವ್ ಚುಚ್ಚಿದೆ. ಟಿವಿ ಏನೂ ಇಲ್ಲ ಅಂತು. ತೆಗೆದು ಇನ್ನೊಂದು ಸಲ ಚುಚ್ಚಿದೆ. ಮತ್ತೆ ಅದೇ. ಟಿವಿಗೆ ಬೈದು, ಲ್ಯಾಪ್‌ಟಾಪಿಗೆ ಹಾಕಿದರೆ ಅಲ್ಲಿ ಸರಿಯಾಗಿ ತೆರೆಯುತ್ತಿದೆ! "ನೋಡವ್ವಾ, ಇಲ್ಲೇ ಅದಾವು" ಅಂತ ತೋರಿಸಿದೆ. ಅವ್ವ ಕನ್ನಡಕ ಏರಿಸಿ ಕೇಳಿದಳು, "ಇದರಾಗ ಕಾಣ್ತಾವು, ಅದರಾಗ ಯಾಕ ಕಾಣವಲ್ವು?"

ಆಗ ಸರಿಯಾಗಿ ನೋಡಿದೆ. ಫೋಲ್ಡರ್ ಚಿತ್ರದ ಎಡಗಡೆ ಕೆಳಮೂಲೆಯಲ್ಲಿ ಒಂದು ಸಣ್ಣ ಬಾಣ. ಪ್ರಾಪರ್ಟೀಸ್ ತೆರೆದರೆ ಗಾತ್ರ 2 ಕೆಬಿ, ಒಂದು ಫೋಟೋಗೂ ಸಾಲದಷ್ಟು. ಅದು ಫೋಲ್ಡರೇ ಅಲ್ಲ, ಶಾರ್ಟ್‌ಕಟ್. ಅಸಲಿ ಫೋಟೋ ಡಿ ಡ್ರೈವ್‌ನ ಒಳಗೆಲ್ಲೋ ಇದ್ದವು. ಯಾವ ಕಾಲದಲ್ಲೋ ಬೇಗ ಸಿಗಲಿ ಅಂತ ನಾನೇ ಡೆಸ್ಕ್‌ಟಾಪಿಗೆ ದಾರಿ ಹಾಕಿಕೊಂಡು ಮರೆತಿದ್ದೆ. ನಾನು ಪೆನ್‌ಡ್ರೈವ್‌ಗೆ ಹಾಕಿದ್ದು ಮನೆಯನ್ನಲ್ಲ, ಮನೆಯ ವಿಳಾಸದ ಚೀಟಿಯನ್ನು. ಅದೇ ಲ್ಯಾಪ್‌ಟಾಪಿನಲ್ಲಿ ಒತ್ತಿದರೆ ಚೀಟಿ ನೇರವಾಗಿ ಡಿ ಡ್ರೈವ್‌ಗೆ ಕರೆದೊಯ್ಯುತ್ತಿತ್ತು. ಟಿವಿಯಲ್ಲಿ ಆ ವಿಳಾಸವೇ ಇಲ್ಲ. ರಿಸೆಟ್ ಮಾಡಿದರೆ ಅಳಿಯುವುದು ವಿಂಡೋಸ್ ಇರುವ ಸಿ ಡ್ರೈವ್, ಡಿ ಡ್ರೈವ್ ಹೇಗೂ ಸೇಫ್ ಅನ್ನೋರಿದ್ದಾರೆ. ಆದರೆ ರಿಮೂವ್ ಎವ್ರಿಥಿಂಗ್ ಒತ್ತಿದಾಗ ವಿಂಡೋಸ್ ಇರುವ ಡ್ರೈವ್ ಮಾತ್ರವೋ, ಎಲ್ಲ ಡ್ರೈವ್‌ಗಳೋ ಅಂತ ಆರಿಸಲಿಕ್ಕೂ ಬರುತ್ತದೆ. ಪೂರ್ತಿ ಕ್ಲೀನ್ ಮಾಡಪ್ಪಾ ಅಂತ ಆ ಹುಡುಗನಿಗೆ ಹೇಳಿದವನೂ ನಾನೇ.

ಕೈ ತಣ್ಣಗಾಯಿತು. ಅವ್ವನಿಗೆ ಏನೂ ಹೇಳಲಿಲ್ಲ.

ಸೋಮವಾರ ಅಂಗಡಿಯಿಂದ 1 ಟಿಬಿಯ ಹಾರ್ಡ್ ಡಿಸ್ಕ್ ತಂದೆ, ಲ್ಯಾಪ್‌ಟಾಪ್ ಮಾತ್ರ ಒಯ್ಯಲಿಲ್ಲ. ಫೋಟೋ ಅಂದರೆ ಪಿಕ್ಚರ್ಸ್ ಫೋಲ್ಡರ್ ಅಂತ ತಿಳಿದವರು ಒಮ್ಮೆ 'ದಿಸ್ ಪಿಸಿ' ತೆರೆದು ಹುಡುಕುವ ಕಡೆ *.jpg ಅಂತ ಬರೆದು ನೋಡಬೇಕು. ನನ್ನವು ಡೌನ್‌ಲೋಡ್ಸ್‌ನಲ್ಲಿ ಸಿಕ್ಕವು, 'ನ್ಯೂ ಫೋಲ್ಡರ್ 3' ಅನ್ನುವುದರಲ್ಲಿ ಸಿಕ್ಕವು, ಹಳೇ ಫೋನಿನಿಂದ ಎಳೆದು ಹಾಕಿದ, ಕ್ಯಾಮೆರಾ ಫೋಟೋ ಇರುವ ಡಿಸಿಐಎಂ ಫೋಲ್ಡರ್‌ನಲ್ಲೂ ಸಿಕ್ಕವು. ಇಂಟರ್ನೆಟ್‌ನಲ್ಲಿ ಫೈಲು ಇಡುವ ಒನ್‌ಡ್ರೈವ್‌ನಲ್ಲಿದ್ದ ಕೆಲವಕ್ಕೆ ಮೋಡದ ಗುರುತಿತ್ತು. ಅಂದರೆ ಹೆಸರು ಮಾತ್ರ ಇಲ್ಲಿ, ಫೋಟೋ ಇಂಟರ್ನೆಟ್‌ನಲ್ಲಿ. ಅವನ್ನು ಮೊದಲು ಇಳಿಸಿಕೊಂಡೆ. ಒಂದು ಪ್ರತಿ ಪೆನ್‌ಡ್ರೈವ್‌ನಲ್ಲೂ ಇರಲಿ ಅಂತ ಹಾಕಲು ಹೋದರೆ ತಂಗಿಯ ಮದುವೆಯ ವಿಡಿಯೋ ಒಳಗೆ ಹೋಗಲೊಲ್ಲದು. ಪೆನ್‌ಡ್ರೈವ್ ಫ್ಯಾಟ್32 ಅನ್ನುವ ಮಾದರಿಯಲ್ಲಿ ಫಾರ್ಮ್ಯಾಟ್ ಆದದ್ದಂತೆ, ಒಂದೇ ಫೈಲು 4 ಜಿಬಿ ಮುಟ್ಟಿದರೆ ಹಿಡಿಯುವುದಿಲ್ಲ. ಜಾಗ ಎಷ್ಟೇ ಖಾಲಿ ಇದ್ದರೂ ಅಷ್ಟೇ. ವಿಡಿಯೋ ಹಾರ್ಡ್ ಡಿಸ್ಕ್‌ಗೆ, ಫೋಟೋ ಎರಡಕ್ಕೂ ಅಂತ ಮಾಡಿದೆ.

ರಾತ್ರಿ ಹತ್ತಕ್ಕೆ ಕಾಪಿಗೆ ಹಚ್ಚಿದೆ. ಲ್ಯಾಪ್‌ಟಾಪಿನ ಬ್ಯಾಟರಿ ಸತ್ತು ವರ್ಷವಾಗಿತ್ತು. ಹನ್ನೊಂದೂವರೆಗೆ ಕರೆಂಟ್ ಹೋಯಿತು. ಗದಗಿನ ಸುತ್ತ ಗುಡ್ಡದ ಮೇಲೆ ಅಷ್ಟೊಂದು ಗಾಳಿಯಂತ್ರ ತಿರುಗುತ್ತವೆ, ನಮ್ಮ ಓಣಿಗೆ ಮಾತ್ರ ಕತ್ತಲೆ! ಪುಣ್ಯಕ್ಕೆ ಕಾಪಿ ಮಾಡಿದ್ದೆ. ಕಟ್ ಮಾಡಿದ್ದರೆ ಅರ್ಧ ಇಲ್ಲಿ, ಅರ್ಧ ಅಲ್ಲಿ ಆಗಿ ಹುಡುಕುತ್ತ ಕೂರಬೇಕಿತ್ತು. ಮರುದಿನ ಮೊದಲಿಂದ ಶುರು ಮಾಡಿದೆ. ಮುಗಿದ ಮೇಲೆ ಎರಡೂ ಕಡೆ ಪ್ರಾಪರ್ಟೀಸ್ ತೆರೆದು ಫೈಲುಗಳ ಎಣಿಕೆ ತಾಳೆ ನೋಡಿದೆ. ಸರಿ ಬಂತು. ಆದರೂ ರಿಸೆಟ್ ಒತ್ತಲು ಧೈರ್ಯ ಬರಲಿಲ್ಲ. ಪೆನ್‌ಡ್ರೈವ್ ತೆಗೆದು ಟಿವಿಗೆ ಚುಚ್ಚಿದೆ.

ಅಪ್ಪ ಬಂದರು. ಬನಿಯನ್ ಹಾಕಿಕೊಂಡು, ಕುಣಿಯಲ್ಲಿ ಕಾಲಿಳಿಬಿಟ್ಟು, ಕೈಯಲ್ಲಿ ಲಾಳಿ. ಅವರು ಕೂರುತ್ತಿದ್ದ ಜಾಗದಲ್ಲೇ ಇದ್ದರು, ಎರಡಡಿ ಮೇಲೆ ಅಷ್ಟೇ. ಅವ್ವ ಏನೂ ಮಾತಾಡಲಿಲ್ಲ. ಎದ್ದು ಟಿವಿ ಹತ್ತಿರ ಹೋಗಿ ನಿಂತಳು. ಅಳುತ್ತಾಳೇನೋ ಅಂತ ನಾನೂ ಎದ್ದೆ.

ಅವ್ವ ಅಪ್ಪನ ಹೆಗಲ ಹಿಂದಿನ ಮಾಡಕ್ಕೆ ಬೆರಳು ಹಚ್ಚಿದಳು.

"ಇದು ನನ್ನ ತವರುಮನಿ ಹಿತ್ತಾಳಿ ತಂಬಿಗಿ ಹೌದಲ್ಲೋ? ಎಷ್ಟು ವರ್ಷ ಹುಡುಕೇನಿ ಇದನ್ನ! ನಿನ್ನ ತಂಗಿಗೆ ಫೋನ್ ಹಚ್ಚು ಮೊದಲ."